ಬೆಳ್ಳಮ್ಮನ ಮಡುವಿನ ಕೆಂಪು ರೆಕ್ಕೆ

ಮಳವಳ್ಳಿಯಲ್ಲಿ ಅಫ್ಸರ್ ಪಾಷಾನ ಮನೆ ಎಲ್ಲಿ ಎಂದು ಕೇಳಿದರೆ ಜನ ಆರು ಮನೆ ತೋರಿಸುತ್ತಾರೆ. ರೀಲ್ ಪಾಷಾ ಎಂದು ಕೇಳಿದರೆ ಒಂದೇ ಮನೆ. ಈಗಿನವರು ಮೊಬೈಲಿನಲ್ಲಿ ಕುಣಿಯುತ್ತಾರಲ್ಲ, ಆ ರೀಲಲ್ಲ; ಗಾಳದ ಕೋಲಿನ ಬುಡದಲ್ಲಿ ದಾರ ಸುತ್ತಿಕೊಳ್ಳುವ ರೀಲು. ಅದರ ಹೊಟ್ಟೆಯೊಳಗಿನ ಹಲ್ಲು, ಸ್ಪ್ರಿಂಗು, ವಾಷರುಗಳ ವಿಚಾರದಲ್ಲಿ ಇವನಿಗಿದ್ದ ಕೈ ಮಂಡ್ಯ ಜಿಲ್ಲೆಯಲ್ಲಿ ಇನ್ನೊಬ್ಬನಿಗೆ ಇರಲಿಲ್ಲ. ಇನ್ನೊಬ್ಬನಿಗೆ ಅದು ಬೇಕಾಗಿಯೂ ಇರಲಿಲ್ಲ, ಆ ಮಾತು ಬೇರೆ.

ನಾನು ಮಂಡ್ಯ, ಮದ್ದೂರು, ಮಳವಳ್ಳಿ ರೂಟಿನ ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಕಂಡಕ್ಟರಾಗಿದ್ದವನು. ನನ್ನ ಬಸ್ಸಿನಲ್ಲಿ ಪಾಷಾ ಓಡಾಡಿದ್ದನ್ನು ಉದ್ದಕ್ಕೆ ಹಾಸಿದರೆ ದಿಲ್ಲಿಗೆ ಹೋಗಿ ಬಂದು, ಅಲ್ಲಿ ಮರೆತ ಛತ್ರಿ ತರಲು ಇನ್ನೊಮ್ಮೆ ಹೋಗಿ ಬರಬಹುದಿತ್ತು. ಹಾಗಾಗಿ ಅವನ ವಿಚಾರ ಬರೆಯಲು ನನಗೆ ಹಕ್ಕಿದೆ ಎಂದುಕೊಂಡಿದ್ದೇನೆ.

ಅವನ ಅಪ್ಪ ಪಂಪ್‌ಸೆಟ್ ರಿಪೇರಿಯವರು. ಪಾಷಾನೂ ಅದನ್ನೇ ಕಲಿತ. ಸುಮಾರು ನಲವತ್ತು ವರ್ಷದ ಹಿಂದೆ, ಕಾವೇರಿಯ ಕೆಳಗಿನ ಕಾಡಿನಲ್ಲಿ ಗಾಳದವರ ಕ್ಯಾಂಪು ನಡೆಯುತ್ತಿದ್ದಾಗ, ಬಿಸಿಲಿಗೆ ಬೆಂದು ಕೆಂಪಗಾದ ಒಬ್ಬ ಪರದೇಶದವನು ಜೀಪಿನಲ್ಲಿ ಮಳವಳ್ಳಿಗೆ ಬಂದು, ಕೆಟ್ಟುಹೋದ ರೀಲೊಂದನ್ನು ಅಂಗಡಿ ಅಂಗಡಿಗೆ ತೋರಿಸುತ್ತ ತಿರುಗಿದ. ಗಡಿಯಾರದವನು ಪಂಪಿನವನ ಹತ್ತಿರ ಹೋಗು ಎಂದ. ಪಾಷಾ ಅದನ್ನು ಬಿಚ್ಚಿ, ಸವೆದ ವಾಷರು ತೆಗೆದು, ಹಳೇ ಸ್ಕೂಟರಿನ ಕ್ಲಚ್ ಪ್ಲೇಟಿನಿಂದ ಒಂದು ಬಿಲ್ಲೆ ಕತ್ತರಿಸಿ ಹಾಕಿದ. ಆಮೇಲೆ ಆ ರೀಲು ಎಷ್ಟು ಗಟ್ಟಿ ಹಿಡಿಯಿತೆಂದರೆ, ಗಾಳ ಬಂಡೆಗೆ ಸಿಕ್ಕಿಕೊಂಡು ಬಂಡೆಯೇ ನಾಲ್ಕು ಮಾರು ಈಚೆಗೆ ಬಂತು. ಆ ಬಂಡೆ ಈಗಲೂ ಅಲ್ಲಿದೆ. ನಂಬದವರು ಹೋಗಿ ನೋಡಬಹುದು.

ಅಂದಿನಿಂದ ಪಾಷಾ ಕ್ಯಾಂಪಿನ ಮನುಷ್ಯನಾದ. ಮೊದಲು ರೀಲು ರಿಪೇರಿ, ಆಮೇಲೆ ಗಾಳದವರ ಜೊತೆ ನಿಂತು ಎಲ್ಲಿ ಎಸೆಯಬೇಕು, ಯಾವಾಗ ಎಳೆಯಬೇಕು ಎಂದು ಹೇಳುವ ಗೈಡು. ಅಲ್ಲಿ ಹಿಡಿಯುತ್ತಿದ್ದದ್ದು ಬಿಳಿಮೀನು. ಹಿಡಿಯುವುದು, ತೂಗುವುದು, ಫೋಟೋ ತೆಗೆದು ಮತ್ತೆ ನೀರಿಗೆ ಬಿಡುವುದು, ಅಷ್ಟೇ ಆಟ. ಪಾಷಾನ ಹೆಂಡತಿ ಶರೀಫುನ್ನೀಸಾಗೆ ಈ ಆಟದ ಮೇಲೆ ಮೊದಲ ದಿನದಿಂದಲೂ ಸಿಟ್ಟು. ಗಾಳಕ್ಕೆ ಸಿಕ್ಕಿಸುವ ರಾಗಿ ಉಂಡೆ ಕಟ್ಟುತ್ತಿದ್ದವಳು ಅವಳೇ. ರಾಗಿ ಹಿಟ್ಟನ್ನು ಎರಡು ಸಲ ಬೇಯಿಸಿ ಅವಳು ನಾದಿದ ಉಂಡೆಯನ್ನು ಗೋಡೆಗೆ ಎಸೆದರೆ ಗೋಡೆ ಕ್ಷಮೆ ಕೇಳುತ್ತಿತ್ತು. ಮನೆಯಲ್ಲಿ ಅವರದು ಉರ್ದು. ಬೈಯುವುದಕ್ಕೆ ಮಾತ್ರ ಶರೀಫುನ್ನೀಸಾ ಕನ್ನಡಕ್ಕೆ ಬರುತ್ತಿದ್ದಳು. ಅದರಲ್ಲಿ ಏಟು ಚೆನ್ನಾಗಿ ಬೀಳುತ್ತದೆ ಎನ್ನುವುದು ಅವಳ ಅಭಿಪ್ರಾಯ.

"ಸಾರಿಗೆ ಬರ್ದಿರೋ ಮೀನಿಗೆ ನನ್ ಕೈಲಿ ಮುದ್ದೆ ಕಟ್ಟುಸ್ತೀಯಲ್ಲ, ಅದ್ಕೆ ಎಲೆ ಹಾಕಿ ಉಪ್ಪಿನಕಾಯಿನೂ ಬಡಿಸ್ಲಾ?" ಎನ್ನುವಳು.

ಪಾಷಾ ಕ್ಯಾಂಪಿನವರಿಗೆ ಇಷ್ಟವಾದದ್ದು ರಿಪೇರಿಗಲ್ಲ, ಬೆರಳಿಗೆ. ನೀರಿಗಿಳಿದ ದಾರದ ಮೇಲೆ ಬಲಗೈ ತೋರುಬೆರಳಿಟ್ಟು ಕಣ್ಣು ಮುಚ್ಚಿದನೆಂದರೆ ಕೆಳಗೆ ಯಾವ ಮೀನು, ಎಷ್ಟು ಭಾರ, ಕಚ್ಚುತ್ತದೋ ಮೂಸಿ ಹೋಗುತ್ತದೋ ಹೇಳುತ್ತಿದ್ದ. ಮೀನಿನ ಹೆಂಡತಿಯ ತವರೂರನ್ನೂ ಒಮ್ಮೆ ಹೇಳಿದ್ದನ್ನು ನಾನು ಕೇಳಿದ್ದೇನೆ.

ಆಗ ಹೊಳೆಯಲ್ಲಿದ್ದ ಬಿಳಿಮೀನು ಒಂದೇ ಜಾತಿ, ಹೆಸರಿಗಷ್ಟೇ ಬಿಳಿ. ಬೆನ್ನ ಮೇಲೆ ಮೂಟೆ ಹೊತ್ತ ಹಾಗೆ ಗೂನು, ಚಿನ್ನದ ಬಣ್ಣದ ಹುರುಪೆ, ಇಟ್ಟಿಗೆ ಪುಡಿ ಬಳಿದಂಥ ಕೆಂಪು ರೆಕ್ಕೆ. ಬೆಳ್ಳಮ್ಮನ ಮಡು ಎಂದು ನಾವು ಕರೆಯುವ ಆಳದ ಗುಂಡಿಯಲ್ಲಿ ಅದರ ಬಳಗವೇ ಇತ್ತು. ಅಲ್ಲಿನ ಹಿರಿಯದೊಂದು ಮಗ್ಗುಲು ಬದಲಿಸಿದರೆ ಮಳವಳ್ಳಿಯಲ್ಲಿ ಕರೆಂಟು ಮಿಣಕ್ಕೆಂದು ಹೋಗಿ ಬರುತ್ತಿತ್ತು.

ಆಮೇಲೆ ಬರುಬರುತ್ತ ಮೀನು ಕಡಿಮೆಯಾಯಿತು. ಡೈನಮೈಟು, ಮರಳು, ಕಟ್ಟೆ ಎಂದು ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಕ್ಯಾಂಪಿಗೆ ಬಂದವರು ಮೂರು ದಿನ ಕಾದು ಕೈ ಬೀಸಿ ಹೋಗತೊಡಗಿದರು. ಹೀಗಾದರೆ ನಡೆಯುವುದಿಲ್ಲ ಎಂದು ಕ್ಯಾಂಪಿನವರು ಎಲ್ಲೋ ದೂರದ ಮರಿ ಸಾಕುವ ತೊಟ್ಟಿಗಳಿಂದ ಬಿಳಿಮೀನಿನ ಮರಿ ತರಿಸಲು ಗೊತ್ತು ಮಾಡಿದರು. ಅವನ್ನು ಮಂಡ್ಯದಿಂದ ಹೊಳೆಗೆ ಸಾಗಿಸುವ ಕೆಲಸ ಪಾಷಾನ ಪಾಲಿಗೆ ಬಂತು.

ಈ ಜಾಗದಲ್ಲಿ ನಾನೂ ಕತೆಯೊಳಗೆ ಬರುತ್ತೇನೆ. ಬರಬಾರದಿತ್ತು.

ಗಾಳಿ ತುಂಬಿಸಿ ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲಗಳು, ಒಟ್ಟು ಮೂವತ್ತು. ಒಂದೊಂದರಲ್ಲೂ ನೂರಾರು ಮರಿ. ಕ್ಯಾಂಪಿನ ಜೀಪು ಅವನ್ನು ಹೊತ್ತು ಚಿಕ್ಕರಸಿನಕೆರೆ ದಾಟುವ ಹೊತ್ತಿಗೆ ಹೊಗೆಯುಗುಳಿ ನಿಂತುಬಿಟ್ಟಿತು. ಏಪ್ರಿಲ್ ತಿಂಗಳ ಹನ್ನೆರಡು ಗಂಟೆ. ನನ್ನ ಬಸ್ಸು ಬಂದಾಗ ಪಾಷಾ ರಸ್ತೆಯ ಮಧ್ಯೆ ಕೈ ಅಗಲಿಸಿ ನಿಂತಿದ್ದ. ಜೀಪಿನ ಕಡೆಗೆ ಅವನು ತಿರುಗಿಯೂ ನೋಡಲಿಲ್ಲ; ಮೆಕ್ಯಾನಿಕ್ಕು ಅದನ್ನು ಮರೆಯಬೇಕಾದರೆ ವಿಚಾರ ಎಷ್ಟು ದೊಡ್ಡದು ಎಂದು ನನಗೆ ಗೊತ್ತಾಯಿತು.

"ಕಂಡಕ್ಟ್ರೇ, ಬಿಸ್ಲಿಗೆ ಬೆಂದೋಯ್ತವೆ. ಒಂದೊಂದು ಚೀಲ ಒಬ್ಬೊಬ್ರ ತೊಡೆ ಮೇಲೆ ಇಡ್ಸು. ನೀರು ಅಲ್ಲಾಡ್ತಾ ಇರ್ಬೇಕು."

ಇಡೀ ಬಸ್ಸು ಆ ದಿನ ಮೀನು ಸಾಕಿತು. ಗಂಡಸರು ಟವೆಲ್ಲಿನಿಂದ ಗಾಳಿ ಹಾಕಿದರು. ಹೆಂಗಸರು ಸೆರಗು ಮುಚ್ಚಿದರು. ಸಂತೆಯಿಂದ ಬರುತ್ತಿದ್ದ ಪಟ್ಟಲಮ್ಮ ಎನ್ನುವ ಮುದುಕಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ತೂಗುತ್ತ ಕೂತಳು.

"ಏನಪ್ಪಾ ಇದು, ಸೊಳ್ಳೆ ಮರಿ ಇದ್ದಂಗವೆ," ಎಂದಳು.

"ಬಿಳಿಮೀನು ಕಣಜ್ಜಿ. ದೊಡ್ಡವಾದ್ರೆ ನಿನ್ನಷ್ಟುದ್ದ ಆಯ್ತವೆ," ಎಂದ ಪಾಷಾ.

"ನನ್ನಷ್ಟುದ್ದ ಆಗಿ ಏನ್ ಮಾಡವು. ನಾನೇ ಏನೂ ಮಾಡ್ಲಿಲ್ಲ."

ಮಳವಳ್ಳಿ ಬಂದಾಗ ಒಂದೇ ಒಂದು ಚೀಲವೂ ಸತ್ತಿರಲಿಲ್ಲ. ಆ ಸಾಯಂಕಾಲ ಬೆಳ್ಳಮ್ಮನ ಮಡುವಿನಲ್ಲಿ ಮರಿ ಬಿಟ್ಟರು. ಕ್ಯಾಂಪಿನವರು ಪಾಷಾನಿಗೆ ಹಾರ ಹಾಕಿದರು; ನನಗೂ ಒಂದು ಹಾಕಿದರು, ಅರ್ಧ ಬಾಡಿದ್ದು. ಮರಿ ತಂದವನೊಬ್ಬ ಪಾಷಾನಿಗೆ ಗುಟ್ಟು ಹೇಳಿಕೊಟ್ಟ: ತೊಟ್ಟಿಯಲ್ಲಿ ತಿಂಡಿ ಹಾಕುವ ಮೊದಲು ಡಬ್ಬ ಬಡಿದು ಅಭ್ಯಾಸ ಮಾಡಿದ್ದೇವೆ, ಸದ್ದಿಗೆ ಬರುತ್ತವೆ, ಕೆಲವು ದಿನ ನೀವೂ ಹಾಗೇ ಹಾಕಿ, ಇಲ್ಲದಿದ್ದರೆ ಉಪವಾಸ ಬೀಳುತ್ತವೆ.

ಮಡುವಿನ ದಡದ ಊರಿನ ಚಿಕ್ಕಣ್ಣ ಪಾಷಾನ ಜೊತೆಗಾರ, ತೆಪ್ಪ ನಡೆಸುವವನು. ಅವನು ಹುಟ್ಟುಗೋಲಿನಿಂದ ತೆಪ್ಪದ ಅಂಚಿಗೆ ಮೂರು ಏಟು ಹಾಕುವುದು, ಪಾಷಾ ರಾಗಿ ಉಂಡೆ ಚೂರು ಮಾಡಿ ಎಸೆಯುವುದು. ಮೂರು ಏಟು, ಒಂದು ಹಿಡಿ. ಕೆಲವು ದಿನ ಎಂದು ಶುರುವಾದದ್ದು ಕೆಲವು ವರ್ಷವಾಯಿತು. ಗಾಳದ ದಿನವೂ ಅಷ್ಟೇ, ಗಾಳವಿಲ್ಲದ ದಿನವೂ ಅಷ್ಟೇ. ಏಟು ಬೀಳದೆ ನೀರಿಗೆ ಏನನ್ನಾದರೂ ಎಸೆಯುವುದು ಹೇಗೆ ಎಂದೇ ಇಬ್ಬರಿಗೂ ಮರೆತುಹೋಯಿತು.

ಮೀನು ಬೆಳೆದವು. ಸುಗ್ಗಿಯೋ ಸುಗ್ಗಿ. ಗಾಳ ಬಿದ್ದ ಹತ್ತು ನಿಮಿಷಕ್ಕೆ ಮೀನು. ಎಸೆಯುವ ಮೊದಲೇ ಸರದಿಯಲ್ಲಿ ನಿಂತಿರುತ್ತಿದ್ದವು, ಚಿಲ್ಲರೆ ಕೈಯಲ್ಲಿ ಹಿಡಿದ ಪ್ರಯಾಣಿಕರ ಹಾಗೆ. ಬಂದವರೆಲ್ಲ ಫೋಟೋ ಹಿಡಿಸಿಕೊಂಡು ಹೋದರು. ಆ ಮೀನಿನ ರೆಕ್ಕೆ ನೀಲಿ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎಷ್ಟು ಸಿಕ್ಕಿತು ಎಂದು ಕೇಳುವವರೇ ಎಲ್ಲ, ಯಾವುದು ಸಿಕ್ಕಿತು ಎಂದು ಕೇಳುವವರಿಲ್ಲ.

ಪಾಷಾನ ಬೆರಳಿಗೆ ಮಾತ್ರ ಗೊತ್ತಾಯಿತು. ಒಂದು ದಿನ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಬಂದು ಕೂತು ಹೇಳಿದ.

"ತೊಟ್ಟಿ ಮೀನು ಕಚ್ಚಿದ್ರೆ ಬಾಗ್ಲು ಬಡ್ದಂಗೆ ಕಣ್ ಕಂಡಕ್ಟ್ರೇ. ದಡ ದಡ ದಡ. ಒಂದು ನಾಕು ಮಾರು ಓಡ್ತದೆ, ಆಮೇಲೆ ಮಗ್ಗುಲಾಗಿ ಮಲಗ್ಬುಡ್ತದೆ, ಎಳ್ಕೊಂಡೋಗು ಅಂತ. ಮೂತಿ ತೊಟ್ಟಿ ಗೋಡೆಗೆ ಉಜ್ಜಿ ಮೊಂಡು. ಒಳೆ ಮೀನು ಅಂಗಲ್ಲ. ಮೊದ್ಲು ಯಾರೋ ದಾರದ್ ಮೇಲೆ ಉಸ್ರು ಬುಟ್ಟಂಗೆ ಆಯ್ತದೆ. ಬುಡ್ತದೆ. ಮತ್ತೆ ಬತ್ತದೆ. ನನ್ನ ಅಳೀತಾ ಇರ್ತದೆ ಅದು. ಕಚ್ಚಿದ್ಮೇಲೆ ಬಂಡೆ ಸಂದಿಗೇ ಓಗೋದು, ಬೇರೆ ಮಾತೇ ಇಲ್ಲ."

"ಈಗ ಯಾವುದು ಬರ್ತಿದೆ?" ಎಂದೆ.

"ಉಸ್ರು ಬುಡೋದು ಬಂದು ಎರಡು ವರ್ಸ ಆಯ್ತು."

ಆ ಮಾತಿಗೆ ನಾನು ಟಿಕೆಟ್ ಹರಿದೆ. ಕ್ಯಾಂಪಿನಲ್ಲಿ ಅವನು ಇದನ್ನು ಬಾಯಿಬಿಡಲಿಲ್ಲ. ಹಾರ ಹಾಕಿಸಿಕೊಂಡ ಕತ್ತು ಅಷ್ಟು ಸುಲಭವಾಗಿ ತಿರುಗುವುದಿಲ್ಲ.

ಮುಂದೆ ಸರ್ಕಾರದವರು ಗಾಳದ ಆಟವನ್ನೇ ನಿಲ್ಲಿಸಿದರು. ಕ್ಯಾಂಪು ಮುಚ್ಚಿತು. ಪಾಷಾ ಪಂಪ್‌ಸೆಟ್ಟಿಗೆ ಮರಳಿದ. ಎತ್ತಿ ಎತ್ತಿ ಬಲಭುಜ ಸವೆದು, ಕೈ ತಲೆಯ ಮೇಲಕ್ಕೆ ಹೋಗದ ಹಾಗಾಯಿತು. ಚಿಕ್ಕಣ್ಣ ಮಾತ್ರ ವಾರಕ್ಕೊಮ್ಮೆ ತೆಪ್ಪ ಹಾಕಿ ಮೂರು ಏಟು, ಒಂದು ಹಿಡಿ ನಡೆಸಿಕೊಂಡೇ ಬಂದ. ಯಾಕೆ ಎಂದರೆ, "ಅಭ್ಯಾಸ ಆಗ್ಬುಟ್ಟದೆ ಬುಡಿ, ಅವಕ್ಕೂ ನಂಗೂ" ಎನ್ನುತ್ತಿದ್ದ.

ಹೋದ ವರ್ಷ ಫೆಬ್ರವರಿಯಲ್ಲಿ ದೀಪಿಕ ಬಂದಳು. ಸೋಮನಹಳ್ಳಿಯ ಹುಡುಗಿ, ಮೀನಿನ ವಿಚಾರ ಓದಿ, ಹೊಳೆಯ ಸರ್ವೆ ಮಾಡುವ ಆಫೀಸೊಂದರಲ್ಲಿ ಗುತ್ತಿಗೆ ಕೆಲಸದಲ್ಲಿದ್ದವಳು. ಪಾಷಾನ ಅಂಗಡಿಯ ಮುಂದೆ ಸ್ಕೂಟಿ ನಿಲ್ಲಿಸಿ ನೇರ ವಿಷಯಕ್ಕೇ ಬಂದಳು. ನಾನೂ ಅಲ್ಲೇ ಕೂತಿದ್ದೆ; ರಿಟೈರಾದವನಿಗೆ ಅದೇ ಡ್ಯೂಟಿ.

"ತಾತ, ಮುಂದಿನ ಸೋಮವಾರ ಬೆಳ್ಳಮ್ಮನ ಮಡುವಿಗೆ ಲಾರಿ ಬರ್ತದೆ. ಐವತ್ತು ಸಾವಿರ ಮರಿ. ಅದೇ ನೀಲಿ ರೆಕ್ಕೆದು."

ಪಾಷಾ ಸ್ಪ್ಯಾನರು ಕೆಳಗಿಟ್ಟ.

"ಕೆಂಪು ರೆಕ್ಕೆ ಮೀನು ಅಲ್ಲಿ ಇನ್ನೂ ಇದೆ ಅಂತ ತೋರಿಸಿದ್ರೆ ಬೇರೆ ಮರಿ ಬಿಡೋ ಹಾಗಿಲ್ಲ, ಸರ್ಕಾರದ ಯೋಜನೆ ಕಾಗದದಲ್ಲೇ ಬರೆದಿದೆ. ಇಲ್ಲ ಅಂದ್ರೆ ಖಾಲಿ ಮಡು ಅಂತ ಬಿಡ್ತಾರೆ. ಗಾಳ ಹಾಕೋಕೆ ಏಳು ದಿನ ಪರ್ಮಿಶನ್ ಸಿಕ್ಕಿದೆ. ಒಂದೇ ಒಂದು ಮೀನು ಸಾಕು ತಾತ. ಅಳತೆ, ಫೋಟೋ, ರೆಕ್ಕೆ ತುದಿದು ಒಂದು ಚೂರು. ಆಮೇಲೆ ಬಿಟ್ಟುಬಿಡೋದು."

"ಇದ್ರೆ ತಾನೆ," ಎಂದ ಪಾಷಾ.

"ಇಲ್ವಾ?"

ಅವನು ಎಣ್ಣೆ ಬಟ್ಟೆಯಿಂದ ಬೆರಳು ಒರೆಸಿಕೊಂಡ. ಒಂದೇ ಬೆರಳು, ಅದೇ ತೋರುಬೆರಳು.

"ಒಂದೈತೆ. ಕ್ಯಾಂಪ್ ಮುಚ್ಚೋ ವರ್ಸ ಒಂದೇ ಒಂದ್ ಸಲ ಉಸ್ರು ಬುಡ್ತು. ನಾನು ದಾರ ಎಳ್ಕೊಂಡ್ಬುಟ್ಟೆ. ಯಾರ್ಗೂ ಹೇಳ್ಲಿಲ್ಲ. ಅದು ಅಲ್ಲೇ ಇರ್ಲಿ ಅಂತ ಬುಟ್ಟಿದ್ದೆ."

ಅಲ್ಲಿಂದ ಏಳು ದಿನದ ಕೆಲಸ. ಅದನ್ನು ಕೆಲಸ ಎನ್ನುವುದಕ್ಕಿಂತ ಕೂಲಿ ಎನ್ನಬೇಕು. ಬೆಳಿಗ್ಗೆ ಆರಕ್ಕೆ ಚಿಕ್ಕಣ್ಣನ ತೆಪ್ಪ. ಮೂರು ಏಟು, ಒಂದು ಹಿಡಿ ರಾಗಿ. ಪಾಷಾ ಗಾಳ ಹಾಕುವುದು, ದಡ ದಡ ದಡ, ನೀಲಿ ರೆಕ್ಕೆ. ದೀಪಿಕ ಅಳೆಯುವುದು, ನಾನು ಬರೆಯುವುದು, ನೀರಿಗೆ ಬಿಡುವುದು. ಮತ್ತೆ ಮೂರು ಏಟು. ನಾಲ್ಕನೆಯ ದಿನಕ್ಕೆ ನೀಲಿ ರೆಕ್ಕೆಗಳು ನಮ್ಮ ಮುಖ ಗುರುತು ಹಿಡಿದು, ಬಾಯಿ ತೆರೆದುಕೊಂಡೇ ಮೇಲೆ ಬರತೊಡಗಿದವು. ಒಂದು ಮೀನು ಅದೇ ದಿನ ಐದು ಸಲ ಬಂತು. ನಾಲ್ಕನೆಯ ಸಲ ತಾನೇ ಟೇಪಿನ ಪಕ್ಕ ನೆಟ್ಟಗೆ ಮಲಗಿತು. ನಾನು ಅದರ ಅಳತೆಯನ್ನು ಕೇಳದೆಯೇ ಬರೆದೆ.

ಐದನೆಯ ದಿನ ಪಾಷಾ ಎಡಗೈಯಲ್ಲಿ ಕೋಲು ಹಿಡಿಯಲು ಶುರು ಮಾಡಿದ. ಬಲಗೈ ಸಾಕು ಎಂದಿತ್ತು.

"ಲೇ ಪಾಷಾ, ಮನಿಕೊಂಡ್ಬುಡ್ಲಾ ಒಸಿ ಹೊತ್ತು," ಎಂದ ಚಿಕ್ಕಣ್ಣ. "ನಿನ್ ಮಕ ನೋಡಿದ್ರೆ ಮೀನೇ ನಿನ್ನ ಹಿಡ್ದು ಬುಟ್ಟಂಗದೆ."

"ಬುಟ್ಟಿಲ್ಲ ಕಣ್ಲಾ ಇನ್ನೂವೆ," ಎಂದ ಪಾಷಾ.

ಆರನೆಯ ದಿನದ ಸಾಯಂಕಾಲ ನಾಲ್ವರೂ ಪಾಷಾನ ಮನೆಗೆ ಬಂದು ಕೂತೆವು. ಎಪ್ಪತ್ತಮೂರು ಮೀನು, ಎಲ್ಲ ನೀಲಿ. ಟೀ ಕುಡಿಯಲು ಲೋಟ ಎತ್ತುವುದೇ ಭಾರ. ಹಿತ್ತಲಲ್ಲಿ ಶರೀಫುನ್ನೀಸಾ ತಟ್ಟೆ ಬಡಿದು ಕೋಳಿ ಕರೆಯುತ್ತಿದ್ದಳು. ನಾಲ್ಕು ಕೋಳಿ ಓಡಿಬಂದವು. ನುಗ್ಗೆಮರದ ಬುಡದಲ್ಲಿದ್ದ ಮುಂಗುಸಿಯೊಂದು ಸದ್ದಿಗೆ ಬೆಚ್ಚಿ ಬೇಲಿ ದಾಟಿ ಹೋಯಿತು. ಅವಳು ಒಳಗೆ ಬಂದು ನಮ್ಮ ನಾಲ್ವರ ಮುಖವನ್ನೂ ನೋಡಿದಳು.

"ಸಿಕ್ಲಿಲ್ಲ ತಾನೆ? ಎಂಗ್ ಸಿಕ್ಕಾತು? ಆರ್ ದಿನದಿಂದ ಡಬ್ಬ ಬಡ್ಕೊಂಡು ಕೂಗ್ತಾ ಇದೀರ. ಬಡಿದ್ರೆ ಸಾಕಿದ್ದು ಬತ್ತದೆ. ಸಾಕ್ದೆ ಇರೋದು ಯಾಕ್ ಬತ್ತದೆ? ಅದು ಓಡೋಯ್ತದೆ."

ಪಾಷಾ ಲೋಟ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. ಚಿಕ್ಕಣ್ಣ ತನ್ನ ಅಂಗೈ ನೋಡಿಕೊಂಡ, ಹುಟ್ಟು ಹಿಡಿದು ಜಡ್ಡುಗಟ್ಟಿದ ಅಂಗೈ. ಇಪ್ಪತ್ತು ವರ್ಷಕ್ಕೂ ಮೇಲೆ, ವಾರವಾರವೂ ಮೂರು ಏಟು. ಮರಿಗಳಿಗೆ ಊಟದ ಗಂಟೆ ಎಂದು ಹೊಡೆದದ್ದು; ಆ ಮಡುವಿನ ಹಳೇ ಮೀನಿಗೆ ಪ್ರತಿ ವಾರ ಎದ್ದು ಹೋಗು ಎಂದು ಹೇಳಿದ ಹಾಗಾಗಿತ್ತು.

"ಮುಂಚೆ ನಾವು ಬಡೀತಿರ್ಲಿಲ್ಲ ಅಲ್ವೇನ್ಲಾ," ಎಂದ ಪಾಷಾ, ಮೆಲ್ಲಗೆ.

"ಬಡೀತಿರ್ಲಿಲ್ವಾ? ನಂಗೆ ಗ್ಯಾನವೇ ಇಲ್ಲ ಕಣೋ," ಎಂದ ಚಿಕ್ಕಣ್ಣ.

"ಮುಂಚೆ ಏನ್ ಹಾಕ್ತಿದ್ರಿ ತಾತ, ಗಾಳಕ್ಕೆ?" ಎಂದಳು ದೀಪಿಕ.

"ರಾಗಿನೇ ಹಾಕ್ತಿದ್ದೊ. ಆದ್ರೆ ಅತ್ತಿಮರ ಹಣ್ಣು ಉದುರ್ಸೋ ಕಾಲದಾಗೆ ರಾಗಿ ಮುಟ್ತಿರ್ಲಿಲ್ಲ ಅದು. ಹಣ್ಣು ಬಿದ್ದ ಸದ್ದಿಗೆ ಮಾತ್ರ ಬರೋದು." ಅಷ್ಟು ಹೇಳಿ ಪಾಷಾ ಶರೀಫುನ್ನೀಸಾ ಕಡೆ ತಿರುಗಿದ. "ನಾಳಿಕ್ಕೆ ಮುದ್ದೆ ಬೇಡ."

"ಅಂತೂ ನಲವತ್ತು ವರ್ಸಕ್ಕೆ ರಜಾ ಸಿಕ್ತು," ಎಂದು ಅವಳು ಒಳಗೆ ಹೋದಳು.

ಏಳನೆಯ ದಿನ, ಭಾನುವಾರ. ತೆಪ್ಪವನ್ನು ದಡದಲ್ಲೇ ಮಗುಚಿ ಹಾಕಿದೆವು. ಮಡುವಿನ ಮೇಲ್ಗಡೆ ನೀರಿಗೆ ಬಾಗಿದ ದೊಡ್ಡ ಅತ್ತಿಮರ. ಅದರ ಬೇರಿನ ಮೇಲೆ ಪಾಷಾ ಕೂತ. ಚಿಕ್ಕಣ್ಣ ಹಣ್ಣು ಆರಿಸಿ ತಂದ. ಪಾಷಾ ಗಾಳ ಹಾಕಲೇ ಇಲ್ಲ. ಸುಮ್ಮನೆ ಒಂದು ಹಣ್ಣು ಎಸೆದ. ಬುಳಕ್. ಬಹಳ ಹೊತ್ತು ಕಾದು ಇನ್ನೊಂದು. ತಕ್ಷಣ ಮತ್ತೆರಡು. ಮತ್ತೆ ಬಹಳ ಹೊತ್ತು ಏನೂ ಇಲ್ಲ. ಮರ ಉದುರಿಸುವ ಹಾಗೇ, ತಾಳವಿಲ್ಲದೆ. ಹೀಗೆ ಎರಡೂವರೆ ಗಂಟೆ. ನಾವು ಮೂವರೂ ಉಸಿರು ಬಿಗಿಹಿಡಿದು ಕೂತಿದ್ದೆವು; ನನಗೆ ಕೆಮ್ಮು ಬಂದು, ಅದನ್ನು ನುಂಗಿ ನುಂಗಿ ಈಗಲೂ ಒಂದು ಕೆಮ್ಮು ಹೊಟ್ಟೆಯೊಳಗೇ ಉಳಿದಿದೆ.

ಹತ್ತೂವರೆಗೆ ಒಂದು ಹಣ್ಣಿನೊಳಗೆ ಗಾಳ ಅಡಗಿಸಿ ಬಿಟ್ಟ. ದಾರದ ಮೇಲೆ ಬೆರಳು. ಕಣ್ಣು ಮುಚ್ಚಿದ.

ಅವನ ಮುಖ ಬದಲಾದದ್ದನ್ನು ನಾನು ನೋಡಿದೆ. "ಉಸ್ರು," ಎಂದ. ಬಿಟ್ಟಿತು. ಮತ್ತೆ ಬಂತು. ಮತ್ತೆ ಬಿಟ್ಟಿತು. ಆಮೇಲೆ ರೀಲು ಕಿರುಚಿತು.

ಬಂಡೆ ಸಂದಿಗೇ ಓಡಿತು ಅದು. ಪಾಷಾ ಎದ್ದು ನಿಂತು, ಕೋಲಿನ ಬುಡವನ್ನು ಹೊಟ್ಟೆಗೆ ಆನಿಸಿ, ಎರಡೂ ಕೈಯಲ್ಲಿ ಹಿಡಿದು ಬಾಗಿದ. ಭುಜದಿಂದ ಲಟಕ್ಕೆಂದು ಸದ್ದು ಬಂದದ್ದು ನನಗೆ ಕೇಳಿತು. ಮುಪ್ಪಾದ ಮೀನು ಹೆಚ್ಚು ಹೊತ್ತು ಹೋರಾಡಿದರೆ ಆಯಾಸಕ್ಕೇ ಸಾಯುತ್ತದೆ. ಬೇಗ ತಂದರೆ ದಾರ ಹರಿಯುತ್ತದೆ. ನಡುವೆ ದಾರಿಯಿಲ್ಲ. ಇಲ್ಲಿ ನಾನು ಮೂರು ದಿನ ಮೂರು ರಾತ್ರಿ ಎಂದು ಬರೆಯಬಹುದಿತ್ತು. ಇಪ್ಪತ್ತೆರಡು ನಿಮಿಷ. ಅಷ್ಟರಲ್ಲಿ ಪಾಷಾನ ಮುಖ ಬೂದಿಯ ಬಣ್ಣಕ್ಕೆ ಬಂದಿತ್ತು.

ಮೊಣಕಾಲಾಳದ ನೀರಿಗೆ ಮೀನು ಬಂತು. ಗೂನು ಮೊದಲು, ಆಮೇಲೆ ರೆಕ್ಕೆ. ಕೆಂಪು. ಚಿಕ್ಕಣ್ಣ ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಒದ್ದೆ ಮಾಡಿ ಅದರ ಕಣ್ಣಿನ ಮೇಲೆ ಹಾಕಿದ. ದೀಪಿಕ ಒಂದು ನಿಮಿಷದಲ್ಲಿ ಎಲ್ಲ ಮುಗಿಸಿದಳು. ಟೇಪಿನಲ್ಲಿ ನೂರಹನ್ನೊಂದು ಸೆಂಟಿಮೀಟರ್. ಇದು ನಾನು ಹೇಳಿದ್ದಲ್ಲ, ಅವಳು ಅಳೆದದ್ದು. ಉಗುರಿನಷ್ಟು ರೆಕ್ಕೆಯ ತುದಿ ಸಣ್ಣ ಸೀಸೆಗೆ ಹೋಯಿತು.

"ಆಯ್ತು ತಾತ. ಬಿಡಿ."

ಬಿಟ್ಟರೆ ಮೀನು ಮಗುಚಿಕೊಂಡಿತು. ಹೊಟ್ಟೆ ಮೇಲೆ.

ನೀಲಿ ರೆಕ್ಕೆಯವನ್ನು ಬಿಟ್ಟರೆ ಬಾಲ ಬಡಿದು ನಮ್ಮ ಮುಖಕ್ಕೆ ನೀರೆರಚಿ ಹೋಗುತ್ತಿದ್ದವು, ಇನ್ನೊಂದು ಉಂಡೆಗೆ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳುತ್ತ. ಇದು ಹೋಗಲಿಲ್ಲ. ಪಾಷಾ ಎದೆಮಟ್ಟ ನೀರಿಗಿಳಿದು, ಒಂದು ಕೈ ಹೊಟ್ಟೆಯ ಕೆಳಗೆ, ಒಂದು ಕೈ ಬಾಲದ ಬುಡಕ್ಕೆ ಕೊಟ್ಟು, ಹರಿವಿಗೆ ಎದುರಾಗಿ ಅದರ ಮುಖ ಹಿಡಿದು ನಿಂತ. ನೀರು ಬಾಯಿಂದ ಒಳಗೆ ಹೋಗಿ ಕಿವಿರಿನಿಂದ ಆಚೆ ಬರಬೇಕು. ಬರುತ್ತಿತ್ತು; ಕಿವಿರು ಮಾತ್ರ ಆಡುತ್ತಿರಲಿಲ್ಲ.

ಅರ್ಧ ಗಂಟೆ. ಮುಕ್ಕಾಲು ಗಂಟೆ. ದಡದಲ್ಲಿ ದೀಪಿಕ ಅಳತೊಡಗಿದಳು. ಇದೆ ಎಂದು ತೋರಿಸಲು ಹೋಗಿ ಇಲ್ಲ ಎನಿಸಿಬಿಡುತ್ತೇವೆಯೇ ಎನ್ನುವುದು ಅವಳ ಭಯ, ನಮ್ಮೆಲ್ಲರದೂ ಅದೇ.

"ನಾನ್ ಹಿಡ್ಕೊತೀನಿ, ಮ್ಯಾಕೆ ಬಾರ್ಲಾ. ನಿನ್ ಭುಜ ಕಿತ್ಕೊಂಡೋಯ್ತದೆ," ಎಂದ ಚಿಕ್ಕಣ್ಣ.

"ಬ್ಯಾಡ. ಕೈ ಬದಲಾದ್ರೆ ಅದ್ಕೆ ಗೊತ್ತಾಯ್ತದೆ." ಸ್ವಲ್ಪ ಹೊತ್ತಿನ ಮೇಲೆ ಪಾಷಾ ಮೀನಿಗೇ ಹೇಳಿದ, ಪಕ್ಕದ ಸೀಟಿನವನಿಗೆ ಹೇಳುವ ಹಾಗೆ: "ನಂಗೂ ಸಾಕಾಗೈತೆ ಕಣಪ್ಪ. ನೀನು ಓದ್ರೆ ನಾನೂ ಮನೆಗೋಗ್ಬೋದು."

ಪಾಷಾ ನೀರಿಗಿಳಿದು ನನ್ನ ಗಡಿಯಾರದ ಪ್ರಕಾರ ಒಂದು ಗಂಟೆ ನಲವತ್ತು ನಿಮಿಷವಾಗಿತ್ತು. ಆಗ ಕಿವಿರು ಒಂದು ಸಲ ತೆರೆಯಿತು. ಮತ್ತೆ ಇಪ್ಪತ್ತು ಎಣಿಸುವಷ್ಟರಲ್ಲಿ ಇನ್ನೊಂದು ಸಲ. ಆಮೇಲೆ ಅದು ಪಾಷಾನ ಕೈಯ ಮೇಲೆ ಮಲಗಿದ್ದದ್ದು, ಮಲಗಿಯೇ ಇರಲೋ ಬೇಡವೋ ಎಂದು ಯೋಚಿಸಿ, ನಿಧಾನಕ್ಕೆ ಮುಂದೆ ಸರಿಯಿತು. ಓಡಲಿಲ್ಲ. ಸಂತೆ ಮುಗಿಸಿ ಹೊರಟ ಮುದುಕಿಯ ಹಾಗೆ ಕಪ್ಪು ನೀರಿನೊಳಗೆ ಇಳಿದು ಹೋಯಿತು.

ಪಾಷಾನನ್ನು ನೀರಿನಿಂದ ನಾವು ಇಬ್ಬರು ಎತ್ತಿ ತರಬೇಕಾಯಿತು.

ಸೋಮವಾರ ಲಾರಿ ಮಳವಳ್ಳಿಯವರೆಗೆ ಬಂತು. ದೀಪಿಕ ಫೋಟೋ, ಅಳತೆ, ಸೀಸೆ ಎಲ್ಲ ಹಿಡಿದು ಅದರ ಮುಂದೆ ನಿಂತಿದ್ದಳು, ಹಿಂದೊಮ್ಮೆ ಒಬ್ಬ ಕೈ ಅಗಲಿಸಿ ನನ್ನ ಬಸ್ಸಿನ ಮುಂದೆ ನಿಂತಿದ್ದ ಹಾಗೆ. ಎರಡು ಫೋನು, ಮೂರು ಜನ ಸಾಹೇಬರು, ಒಂದು ಜಗಳ. ಲಾರಿ ಯಾವುದೋ ಕೆರೆಯ ಕಡೆ ತಿರುಗಿ ಹೋಯಿತು. ಮಡುವಿಗೆ ಒಂದು ವರ್ಷ ಮರಿ ಬಿಡುವ ಹಾಗಿಲ್ಲ ಎಂದು ಕಾಗದ ಬಂತು.

ಮೀನು ಬದುಕಿತೋ ಇಲ್ಲವೋ, ಅದು ಮಾತ್ರ ಗೊತ್ತಿರಲಿಲ್ಲ. ಹೀಗೆ ಹೋದದ್ದು ಎರಡು ದಿನದ ಮೇಲೆ ಸಾಯುವುದೂ ಉಂಟು. ಚಿಕ್ಕಣ್ಣ ಹದಿನೈದು ದಿನ ಬೆಳಿಗ್ಗೆ ಸಾಯಂಕಾಲ ದಡದುದ್ದಕ್ಕೂ ನಡೆದು ಬಿಳಿ ಹೊಟ್ಟೆ ತೇಲಿದೆಯೇ, ಹದ್ದು ಸುತ್ತುತ್ತಿದೆಯೇ ಎಂದು ನೋಡಿದ. ಏನೂ ಕಾಣಲಿಲ್ಲ. ಮೊಸಳೆ ಇರುವ ನೀರಿನಲ್ಲಿ ಏನೂ ಕಾಣದಿದ್ದರೆ ಅದಕ್ಕೆ ಅರ್ಥವೂ ಇಲ್ಲ. ತೆಪ್ಪವನ್ನು ಅವನು ಮತ್ತೆ ನೀರಿಗೆ ಹಾಕಲಿಲ್ಲ. ನೀಲಿ ರೆಕ್ಕೆಗಳು ಕೆಲವು ವಾರ ದಡಕ್ಕೆ ಬಂದು ಬಾಯಿ ತೆರೆದು ನಿಂತು, ಹೋಟೆಲು ಮುಚ್ಚಿದೆ ಎಂದು ಗೊತ್ತಾದ ಮೇಲೆ ಚದುರಿದವು.

ಪಾಷಾ ಆ ವರ್ಷವೆಲ್ಲ ಬಲಗೈಯನ್ನು ಕತ್ತಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಹಾಕಿಕೊಂಡು, ಎಡಗೈಯಲ್ಲಿ ನಟ್ಟು ಬಿಚ್ಚಿದ. ಮಡುವಿನ ಮಾತೆತ್ತಿದರೆ ಏಳುತ್ತಿದ್ದ.

ಈ ವರ್ಷ ಫೆಬ್ರವರಿಯಲ್ಲಿ ಅಂಗಡಿಯ ಮುಂದೆ ಮತ್ತೆ ಸ್ಕೂಟಿ ನಿಂತಿತು. ದೀಪಿಕ ಸ್ಟೂಲಿನ ತುದಿಗೆ ಕೂತು, ನೆಲ ನೋಡುತ್ತ ಹೇಳಿದಳು.

"ತಾತ, ವರ್ಷ ಮುಗೀತು. ಇನ್ನೂ ಇದೆ ಅಂತ ಮತ್ತೆ ತೋರಿಸ್ಬೇಕಂತೆ."

ಪಾಷಾ ಬಹಳ ಸಮಾಧಾನವಾಗಿ ಎದ್ದು, ಗೋಡೆಯ ಮೊಳೆಯಲ್ಲಿದ್ದ ತಗಡು ಕತ್ತರಿ ತಂದು ಅವಳ ಮುಂದಿಟ್ಟು, ಜೋಳಿಗೆಯೊಳಗಿನ ಕೈ ಚಾಚಿದ.

"ಅದನ್ನ ಇನ್ನೊಂದ್ಸಲ ಹಿಡಿಯಾಕಿಲ್ಲ ಕಣಮ್ಮ. ಬೇಕಾದ್ರೆ ನಂದೇ ಒಂದ್ ಚೂರು ಕತ್ತರಿಸ್ಕೊಂಡು ಸೀಸೆಗಾಕ್ಕೊ. ಅದ್ಕೂ ನಂಗೂ ಈಗ ಅಂತಾ ಯತ್ವಾಸ ಇಲ್ಲ."

"ಹಿಡಿಯೋದು ಬೇಡ ತಾತ." ಅವಳು ಬ್ಯಾಗಿನಿಂದ ಒಂದು ಖಾಲಿ ಬಾಟಲಿ ತೆಗೆದಳು. "ಮಡುವಿನ ನೀರು ಒಂದು ಬಾಟಲಿ ಸಾಕು. ಮೀನು ಇದ್ರೆ ಅದರ ಮೈಯಿಂದ ಉದುರಿದ್ದು ನೀರಲ್ಲಿ ಇರ್ತದೆ. ಲ್ಯಾಬಲ್ಲಿ ಗೊತ್ತಾಗ್ತದೆ."

ಪಾಷಾ ಬಾಟಲಿ ನೋಡಿದ. ನನ್ನನ್ನು ನೋಡಿದ. ಮತ್ತೆ ಬಾಟಲಿ ನೋಡಿದ.

"ಓದ್ ವರ್ಸ ಇದು ಎಲ್ಲೋಗಿತ್ತು?"

"ಹೋದ ವರ್ಷ ನಮ್ಮ ಆಫೀಸಿಗೆ ಬಂದಿರ್ಲಿಲ್ಲ ತಾತ."

ಒಳಗಿನಿಂದ ಶರೀಫುನ್ನೀಸಾ ನಕ್ಕ ಸದ್ದು ಕೇಳಿತು. ಮದುವೆಯಾದಾಗಿನಿಂದ ಅವಳು ನಕ್ಕದ್ದು ಒಟ್ಟು ಮೂರು ಸಲ, ಅದರಲ್ಲಿ ಇದು ಉದ್ದನೆಯದು.

ನೀರು ತುಂಬಲು ಪಾಷಾ ತಾನೇ ಬಂದ. ಅತ್ತಿಮರದ ಬೇರಿನ ಮೇಲಿಂದ ಬಗ್ಗಿ, ಎಡಗೈಯಲ್ಲಿ, ಬುಳಕ್ ಎನ್ನದ ಹಾಗೆ ಬಾಟಲಿ ಮುಳುಗಿಸಿದ. ಮುಚ್ಚಳ ಹಾಕಿದ ಮೇಲೆ ಬಲಗೈಯ ತೋರುಬೆರಳನ್ನು ಸ್ವಲ್ಪ ಹೊತ್ತು ನೀರಿನಲ್ಲಿ ಬಿಟ್ಟಿದ್ದ. ಏನು ಗೊತ್ತಾಯಿತು ಎಂದು ನಾನು ಕೇಳಲಿಲ್ಲ.

ಐದು ವಾರದ ಮೇಲೆ ದೀಪಿಕ ಫೋನು ಮಾಡಿದಳು. ಅಂಗಡಿಯಲ್ಲಿ ನಾನು, ಪಾಷಾ, ಒಂದು ಹೊಲಕ್ಕೆ ಬೇಗ ಬೇಕಾಗಿದ್ದ ಪಂಪು. ಅವನು ಫೋನನ್ನು ಸ್ಪೀಕರಿಗೆ ಹಾಕಿದ.

"ಇದೆ ತಾತ," ಎಂದಳು. "ಒಂದೇನೋ, ನಾಲ್ಕೇನೋ, ಅದು ಗೊತ್ತಾಗಲ್ಲ. ಆದ್ರೆ ಇದೆ."

ಪಾಷಾ ಪಂಪಿನ ಮೇಲೆ ಕೈಯೂರಿ ಸ್ವಲ್ಪ ಹೊತ್ತು ನಿಂತ. ಆಮೇಲೆ ಸ್ಟೂಲು ಎಳೆದು ಕೂತು, ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ.

"ಇದ್ರೆ ಇರ್ಲಿ ಬುಡಮ್ಮ," ಎಂದ. "ಮನಿಕೊಳ್ಲಿ."